ಕುಲಗೋಡ ಸಂಪ್ರದಾಯದ ನಳಿಗೆ-ಶುದ್ಧಿ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯಹೊರಟವನು ಮೊದಲಿಗೇ ನಾಲ್ಕು ಮಾತು ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ: ವಿಷಯವೇನು, ಪ್ರಯೋಜನವೇನು, ಎರಡಕ್ಕೂ ಸಂಬಂಧವೇನು, ಓದಲು ಅಧಿಕಾರಿ ಯಾರು. ಪ್ರಸ್ತುತ ವಿಷಯ: ಪಾಯಿಂಟ್ ಟೂ-ಟೂ ಬಂದೂಕಿನ ನಳಿಗೆಯನ್ನು ಎಷ್ಟು ದಿನಕ್ಕೊಮ್ಮೆ ತಿಕ್ಕಬೇಕು. ಪ್ರಯೋಜನ: ಇನ್ನೂ ಕಂಡುಬಂದಿಲ್ಲ. ಪ್ರಯೋಜನವೇ ಕಾಣದಿರುವಾಗ ಸಂಬಂಧದ ಮಾತು ಏಳುವುದಿಲ್ಲ. ಅಧಿಕಾರಿ: ಲೈಸೆನ್ಸ್ ಇದ್ದವನು. ಇಲ್ಲದವನು ಓದಬಹುದು, ತಿಕ್ಕುವಂತಿಲ್ಲ.

ಇಷ್ಟು ಗಹನವಾದ ಪ್ರಶ್ನೆ ಕುಲಗೋಡದಂಥ ಊರಲ್ಲಿ ಏಕೆ ಹುಟ್ಟಿತೆಂದು ಕೇಳುವವರಿಗೆ ಊರಿನ ಪರಿಚಯವಿಲ್ಲ. ಮೊನ್ನೆಮೊನ್ನೆಯವರೆಗೆ ನಾವು ಗೋಕಾಕ ತಾಲೂಕಿನವರು, ಈಗ ಮೂಡಲಗಿ ತಾಲೂಕಿನವರು. ತಾಲೂಕು ಬದಲಾಯಿತೇ ಹೊರತು ವಾದ ಹೂಡುವ ಚಟ ಬದಲಾಗಲಿಲ್ಲ. ಶ್ರೀಕೃಷ್ಣ ಪಾರಿಜಾತವನ್ನು ಆಟಕ್ಕೆ ಹೊಂದಿಸಿದ ತಮ್ಮಣ್ಣ ನಮ್ಮೂರಿನವನು. ಅದಕ್ಕೂ ಹಿಂದೆ ಅಪರಾಳ ತಮ್ಮಣ್ಣನೆಂಬ ಇನ್ನೊಬ್ಬ ತಮ್ಮಣ್ಣ ಅದೇ ಕಥೆ ಬರೆದಿದ್ದಾನೆ. ಯಾವ ಹಾಡು ಯಾವ ತಮ್ಮಣ್ಣನದು ಎಂಬ ವಿಷಯಕ್ಕೆ ಚಹಾದಂಗಡಿಯಲ್ಲಿ ಮೂರು ತಲೆಮಾರು ಕಳೆದಿವೆ. ಒಂದೇ ಒಂದು ಹೂವಿಗಾಗಿ ರುಕ್ಮಿಣಿ ಸತ್ಯಭಾಮೆಯರ ನಡುವೆ ಎದ್ದ ಕಾವನ್ನು ರಾತ್ರಿಯಿಡೀ ಕೂತು ನೋಡಿ, ಬೆಳಗಿನ ಜಾವಕ್ಕೆ ಕಂಬಳಿ ಝಾಡಿಸಿಕೊಂಡು ಏಳುವ ಜನಕ್ಕೆ ಒಂದು ನಳಿಗೆಯ ಮೇಲೆ ನಲವತ್ತು ವರ್ಷ ವಾದ ಮಾಡುವುದು ದೊಡ್ಡ ಮಾತಲ್ಲ.

ಮೊದಲು ಶಬ್ದಪ್ರಮಾಣ. ಶುಕ್ರನೀತಿಯಲ್ಲಿ ನಾಲಿಕವೆಂಬ ಆಯುಧದ ವರ್ಣನೆಯಿದೆ. ಅದರಲ್ಲಿ ಎರಡು ಬಗೆ: ಬೃಹನ್ನಾಲಿಕ ಮತ್ತು ಕ್ಷುದ್ರನಾಲಿಕ. ಕ್ಷುದ್ರನಾಲಿಕವೆಂದರೆ ಸಣ್ಣ ನಳಿಗೆಯದು, ಅಂದರೆ ಅಪ್ಪಟ ನಮ್ಮ ವಿಷಯ. ಗ್ರಂಥಕಾರ ವಿಧಿಯನ್ನೂ ಬಾಯಿಬಿಟ್ಟು ಹೇಳಿದ್ದಾನೆ: ಮೊದಲು ನಳಿಗೆಯನ್ನು ಶೋಧಿಸಬೇಕು, ಆಮೇಲೆ ಅಗ್ನಿಚೂರ್ಣ ಹಾಕಬೇಕು, ಆಮೇಲೆ ಕೋಲಿನಿಂದ ಜಡಿಯಬೇಕು. ಹೀಗೆ ಹೊಡೆಯುವ ಮುನ್ನ ತಿಕ್ಕು ಎಂದು ಶಾಸ್ತ್ರ ಸ್ಪಷ್ಟವಾಗಿದೆ. ಹೊಡೆದ ಮೇಲೆ ಏನು ಮಾಡಬೇಕೆಂಬುದಕ್ಕೆ ಅದೇ ಜಾಗದಲ್ಲಿ ಸೊಲ್ಲಿಲ್ಲ. ಹೊಡೆದ ಮೇಲೆ ಶತ್ರುವೋ ನಾವೋ ಒಬ್ಬರು ಉಳಿದಿರುವುದಿಲ್ಲವೆಂಬ ದೂರದೃಷ್ಟಿ ಇದ್ದೀತು. ಗುಸ್ತಾವ್ ಓಪರ್ಟ್ ಎಂಬ ಜರ್ಮನ್ ಪಂಡಿತ ಈ ಗ್ರಂಥವನ್ನು 1882ರಲ್ಲಿ ಮದ್ರಾಸಿನಲ್ಲಿ ಅಚ್ಚು ಹಾಕಿಸಿ, ನೋಡಿ, ಭಾರತದಲ್ಲಿ ಪುರಾತನ ಕಾಲದಿಂದಲೂ ಕೋವಿ ಇತ್ತು ಎಂದು ಸಾರಿದ. ಅದು 19ನೇ ಶತಮಾನದಲ್ಲೇ ಯಾರೋ ಕೂತು ಬರೆದದ್ದೆಂದು ವಾದಿಸಿದ ಇನ್ನೊಂದು ಪಂಗಡ ಓಪರ್ಟನ ಮಾತನ್ನು ತಳ್ಳಿಹಾಕಿತು. ನಮಗೆ ಎರಡೂ ಅನುಕೂಲವೇ. ಪುರಾತನವಾದರೆ ಪ್ರಮಾಣ, 19ನೇ ಶತಮಾನದ್ದಾದರೆ ಬಂದೂಕು ಕಣ್ಣಾರೆ ನೋಡಿ ಬರೆದದ್ದು.

ಕಾಲನಿರ್ಣಯಕ್ಕೆ ಇನ್ನೆರಡು ಇಸವಿ ಹೇಳಿ ಮುಂದೆ ಹೋಗುತ್ತೇನೆ. ಅಂಚಿಗೆ ಬಡಿದರೆ ಸಿಡಿಯುವ ಸಣ್ಣ ತೋಟಾ, ಪಾಯಿಂಟ್ ಟೂ-ಟೂ ಶಾರ್ಟ್, ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿಯಿಂದ ಹೊರಬಿದ್ದದ್ದು 1857ರಲ್ಲಿ. ಅದೇ 1857ರ ನವೆಂಬರಿನಲ್ಲಿ ನಮ್ಮ ಮೂಡಣಕ್ಕಿರುವ ಹಲಗಲಿಯ ಬೇಡರು, ಹತಾರ ಒಪ್ಪಿಸಿರೆಂಬ ಸರಕಾರದ ಹುಕುಮಿಗೆ ಒಲ್ಲೆವೆಂದು ಎದ್ದು ನಿಂತು ಪ್ರಾಣ ಕೊಟ್ಟರು. ಆ ಮಾತಿನಲ್ಲಿ ಅಣಕಕ್ಕೆ ಜಾಗವಿಲ್ಲ, ಲಾವಣಿಗಷ್ಟೇ ಇದೆ. ಎರಡನೆಯ ಇಸವಿ 1887. ಈಗ ಲೋಕವೆಲ್ಲ ಬಳಸುವ ಪಾಯಿಂಟ್ ಟೂ-ಟೂ ಲಾಂಗ್ ರೈಫಲ್ ತೋಟಾ ಹುಟ್ಟಿದ್ದು ಆಗ. ಗೋಕಾಕ ಜಲಪಾತದ ನೀರಿನಿಂದ ಕರೆಂಟು ತೆಗೆದದ್ದೂ ಅದೇ ವರ್ಷವೆಂದು, ಏಷ್ಯಾದಲ್ಲೇ ಮೊದಲೆಂದು ನಮ್ಮವರು ಎದೆ ತಟ್ಟಿ ಹೇಳುತ್ತಾರೆ. ಎರಡಕ್ಕೂ ಏನು ಸಂಬಂಧವೆಂದು ಕೇಳಬೇಡಿ. ಸಂಶೋಧನೆಯಲ್ಲಿ ಇಸವಿಗಳು ತಾಳೆಯಾದರೆ ಸಾಕು, ಸಂಬಂಧವನ್ನು ಮುಂದಿನ ವಿದ್ಯಾರ್ಥಿ ಹುಡುಕುತ್ತಾನೆ.

ಅನುಪಲಬ್ಧಿಯೂ ಒಂದು ಪ್ರಮಾಣವೆಂದು ಭಾಟ್ಟ ಮೀಮಾಂಸಕರು ಒಪ್ಪುತ್ತಾರೆ: ಇಲ್ಲದಿರುವುದರಿಂದಲೇ ಒಂದು ಸಂಗತಿಯನ್ನು ತಿಳಿಯುವುದು. ಬೆಳಗಾವಿ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವ ಗುಂಡು ಒಂದೇ. ಅದು 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಅಮಟೂರ ಬಾಳಪ್ಪ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆಗೆ ಹೊಡೆದದ್ದು. ಆ ಬಂದೂಕನ್ನು ಬಾಳಪ್ಪ ಎಷ್ಟು ದಿನಕ್ಕೊಮ್ಮೆ ತಿಕ್ಕುತ್ತಿದ್ದನೆಂದು ನಾನು ಕೇಳಿದ ಯಾವ ಹಾಡೂ ಹೇಳುವುದಿಲ್ಲ. ಗುರಿ ತಪ್ಪಲಿಲ್ಲ ಎಂದಷ್ಟೇ ಹೇಳುತ್ತವೆ. ಈ ಮೌನವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡಿರಬೇಕು, ಕಡೆಗೆ ಬೇಕಾಗುತ್ತದೆ.

ಇನ್ನು ಪ್ರತ್ಯಕ್ಷ. ನಮ್ಮ ಮನೆಯ ಪಡಸಾಲೆಯ ಗೂಟಕ್ಕೆ ಅಜ್ಜನ ಕಾಲದ ಒಂದು ಬೋಲ್ಟ್ ರೈಫಲ್ ಇತ್ತು, ಪಾಯಿಂಟ್ ಟೂ-ಟೂ. ಅದರ ತೋಟಾ ನೋಡಿದವರಿಗೆ ನಗು ಬರುತ್ತದೆ, ಕಿರುಬೆರಳಿನ ತುದಿಯಷ್ಟು. ಗುಂಡಿನ ತೂಕ 40 ಗ್ರೇನ್, ಅಂದರೆ 2.6 ಗ್ರಾಂ, ಕಾಲು ತೊಲಿಗಿಂತ ಕಡಿಮೆ. ದೊಡ್ಡ ತೋಟಾಗಳಿಗೆ ಸಿಡಿಮದ್ದಿನ ಬೊಟ್ಟು ತಳದ ನಡುವೆ ಇರುತ್ತದೆ. ಇದರದು ಕರಿಗಡಬಿನ ಹೂರಣ ಹೊಟ್ಟೆ ಬಿಟ್ಟು ಅಂಚಿನ ಮಡಿಕೆಯಲ್ಲಿ ಕೂತಂತೆ. ಅಂಚಿಗೆ ಪಿನ್ನು ಬಡಿದರೆ ಸಿಡಿಯುತ್ತದೆ. ಗುಂಡು ಬರೀ ಸೀಸ, ಮೇಲೊಂದು ಕೈ ಮೇಣ. ನಳಿಗೆಯೊಳಗೆ ಹದಿನಾರು ಇಂಚಿಗೆ ಒಂದು ಸುತ್ತಿನಂತೆ ತಿರುವಿದ ಗೀರುಗಳಿವೆ. ಬೋಲ್ಟನ್ನು ಪೂರಾ ತೆಗೆದು, ಹಿಂದಿನ ತೂತಿನ ಬಳಿ ಹೆಬ್ಬೆರಳಿನ ಉಗುರನ್ನು ಬಿಸಿಲಿಗೆ ಓರೆಯಾಗಿ ಹಿಡಿದರೆ ಉಗುರೇ ಕನ್ನಡಿಯಾಗಿ ಬೆಳಕು ಒಳಗೆ ಹೋಗುತ್ತದೆ. ಆಗ ಬಾಯಿಯ ಕಡೆಯಿಂದ ಇಣುಕಿದರೆ ಗೀರುಗಳು ಬಾವಿಯೊಳಗಿನ ಮೆಟ್ಟಿಲಿನಂತೆ ತಿರುಗುತ್ತ ಇಳಿದು ಹೋಗುವುದು ಕಾಣುತ್ತದೆ. ಹುಡುಗನಾಗಿದ್ದಾಗ ನಾನು ಅದನ್ನು ನೋಡುತ್ತ ಗಂಟೆಗಟ್ಟಲೆ ಕೂರುತ್ತಿದ್ದೆ. ಟೀವಿ ಬರುವ ಮುಂಚಿನ ಮಾತು.

ತಿಕ್ಕುವ ವಿದ್ಯೆಯನ್ನು ನಾನು ಕ್ರಮವಾಗಿ ಕಲಿತದ್ದು ಕಾಲೇಜಿನ ಎನ್‌ಸಿಸಿಯಲ್ಲಿ. ಅಲ್ಲಿ ಪಠ್ಯವಸ್ತು ಎರಡೇ: ಪುಲ್‌ಥ್ರೂ ಮತ್ತು ಚಿಂದಿ. ಪುಲ್‌ಥ್ರೂ ಎಂದರೆ ಒಂದು ತುದಿಗೆ ಹಿತ್ತಾಳೆಯ ತೂಕ, ಇನ್ನೊಂದು ತುದಿಗೆ ಕುಣಿಕೆ ಇರುವ ಹುರಿ. ತೂಕವನ್ನು ಹಿಂದಿನಿಂದ ಇಳಿಬಿಟ್ಟು, ಕುಣಿಕೆಗೆ ಚಿಂದಿ ಸಿಕ್ಕಿಸಿ, ಬಾಯಿಯ ಕಡೆಯಿಂದ ಒಂದೇ ಉಸಿರಿಗೆ ಎಳೆಯಬೇಕು. ನಡುವೆ ನಿಲ್ಲಿಸಿದರೆ ಚಿಂದಿ ಗಂಟಲಿಗೆ ಸಿಕ್ಕ ಕಡುಬಾಗುತ್ತದೆ. ಚಿಂದಿಯ ಅಳತೆಯಲ್ಲಿ ಪಾಠಾಂತರವಿದೆ: ಒರೆಸಲು ನಾಲ್ಕು ಇಂಚು ಉದ್ದ ಎರಡು ಇಂಚು ಅಗಲ, ಎಣ್ಣೆ ಹಚ್ಚಲು ನಾಲ್ಕು ಇಂಚು ಉದ್ದ ಒಂದೂವರೆ ಇಂಚು ಅಗಲ. ಈ ಅರ್ಧ ಇಂಚಿನ ವ್ಯತ್ಯಾಸವನ್ನು ಕೈ ಹಿಂದೆ ಕಟ್ಟಿ ಒದರಿ ಹೇಳದಿದ್ದರೆ ಉಸ್ತಾದರು ಮೈದಾನ ಸುತ್ತಿಸುತ್ತಿದ್ದರು. ಒಂದು ಇಡೀ ವರ್ಷದಲ್ಲಿ ನಾನು ಹೊಡೆದದ್ದು ಐದು ಗುಂಡು, 25 ಗಜದಿಂದ. ತಿಕ್ಕಿದ್ದು ಕಡಿಮೆಯೆಂದರೂ ನಲವತ್ತು ಸಲ. ನನ್ನ ಗುರಿಹಾಳೆಯಲ್ಲಿ ಎರಡು ತೂತುಗಳಿದ್ದವು, ಪಕ್ಕದವನ ಹಾಳೆಯಲ್ಲಿ ಎಂಟು. ಅವನಿಗೆ ಬಹುಮಾನ ಬಂತು. ನನ್ನ ನಳಿಗೆ ಮಾತ್ರ ಉಗುರಿನ ಬೆಳಕಿಗೆ ಹೊಳೆಯುತ್ತಿತ್ತು.

ಕುಲಗೋಡದಲ್ಲಿ ಈ ವಿಷಯಕ್ಕೆ ಮೂರು ದರ್ಶನಗಳಿವೆ. ಕರ್ಮಕ್ಕೆ ನಿತ್ಯ, ನೈಮಿತ್ತಿಕ, ಕಾಮ್ಯವೆಂದು ಮೂರು ಭೇದ ಹೇಳಿದ ಹಾಗೆ.

ನಿತ್ಯವಾದದ ಆಚಾರ್ಯ ನಮ್ಮ ಕಾಕಾ, ಫೌಜಿನಿಂದ ನಿವೃತ್ತನಾದವನು. "ಏ ತಮ್ಮಾ, ನಳಿಗಿ ತಿಕ್ಕೂದಂದ್ರ ಹಲ್ಲ ತಿಕ್ಕಿದಂಗ. ಉಂಡ್ರೂ ತಿಕ್ಕಬೇಕ, ಉಣಲಿಕ್ರೂ ತಿಕ್ಕಬೇಕ" ಎಂಬುದು ಅವನ ಮೂಲಸೂತ್ರ. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ, ಹಿಂದೆ ರಸಾಯನಶಾಸ್ತ್ರವಿದೆ. ಹಳೆಯ ತೋಟಾಗಳ ಸಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದ ಮೇಲೆ ನಳಿಗೆಯಲ್ಲಿ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ದಾಯಾದಿ. ಮಳೆಗಾಲದಲ್ಲಿ ಉಪ್ಪಿನ ಭರಣಿ ಏನಾಗುತ್ತದೆಂದು ಯಾವ ಗೃಹಿಣಿಯನ್ನು ಕೇಳಿದರೂ ಹೇಳುತ್ತಾಳೆ. ಗಾಳಿಯ ತೇವ ಹೀರಿ ಅದು ಬೆಳಗಾಗುವುದರೊಳಗೆ ಉಕ್ಕಿಗೆ ತುಕ್ಕು ಹಿಡಿಸುತ್ತಿತ್ತು. ಪಾಯಿಂಟ್ ಟೂ-ಟೂಗೆ ಈ ಕಾಟ ಹೆಚ್ಚು. ಅದರ ಪುಟ್ಟ ಹೊಟ್ಟೆಯಲ್ಲಿ ಮದ್ದಿನ ಪುಡಿ ಕಡಿಮೆ, ಹಾಗಾಗಿ ಉಪ್ಪಿನ ಪಾಲೇ ಜಾಸ್ತಿ. ಆದ್ದರಿಂದ ಹೊಡೆದ ಸಂಜೆಯೇ ತಿಕ್ಕಬೇಕೆಂದದ್ದು ಅಂದಿಗೆ ನಿಜ. 1920ರ ದಶಕದಲ್ಲಿ ತುಕ್ಕು ಹಿಡಿಸದ ಸಿಡಿಮದ್ದು ಬಂತು. ಉಪ್ಪು ಹೋಯಿತು, ಸೂತ್ರ ಉಳಿಯಿತು. ಹಾವು ಹರಿದು ಹೋದ ಮೇಲೂ ಕಾಕಾ ಗೆರೆಗೆ ಬಡಿಯುತ್ತಲೇ ಇದ್ದ, ಎರಡು ಇಂಚು ಅಗಲದ ಚಿಂದಿಯಿಂದ.

ನೈಮಿತ್ತಿಕವಾದಿಗಳು ನಿಮಿತ್ತ ಬಂದಾಗ ತಿಕ್ಕುವವರು. ನಮ್ಮಲ್ಲಿ ನಿಮಿತ್ತಗಳು ಮೂರು: ಖಂಡೇನವಮಿ, ಲೈಸೆನ್ಸಿನ ನವೀಕರಣ, ಚುನಾವಣೆ. ನವೀಕರಣ ಹಿಂದೆ ಮೂರು ವರ್ಷಕ್ಕೊಮ್ಮೆ ಇತ್ತು, 2019ರ ತಿದ್ದುಪಡಿಯ ಮೇಲೆ ಐದು ವರ್ಷಕ್ಕೊಮ್ಮೆ ಆಯಿತು. ಅಂದರೆ ಸಂಸತ್ತೇ ನಳಿಗೆಗೆ ಎರಡು ವರ್ಷದ ಮೈಲಿಗೆಯನ್ನು ಮಾಫಿ ಮಾಡಿತು. ಚುನಾವಣೆಯ ನಿಮಿತ್ತ ಇನ್ನೂ ಸ್ವಾರಸ್ಯದ್ದು. ನೀತಿಸಂಹಿತೆ ಜಾರಿಯಾದೊಡನೆ ಬಂದೂಕನ್ನು ಠಾಣೆಗೆ ಒಪ್ಪಿಸಲು ಕರೆ ಬರುತ್ತದೆ. ಬಂದೂಕು ಕುತ್ತಿಗೆಗೆ ಚೀಟಿ ಕಟ್ಟಿಸಿಕೊಂಡು, ತನ್ನಂಥ ಹತ್ತಾರು ಮುದುಕರ ಜತೆ ಮೂಲೆಗೆ ಒರಗಿ ಕೂರುತ್ತದೆ. ಗಂಡನ ಮನೆಗೆ ಹೋಗುವ ಮಗಳಿಗೆ ತಲೆ ಬಾಚಿ ಕಳಿಸುವಂತೆ ನಾವು ಒಪ್ಪಿಸುವ ಮುನ್ನ ತಿಕ್ಕಿ ಎಣ್ಣೆ ಹಚ್ಚುತ್ತೇವೆ, ಮರಳಿ ಬಂದ ಮೇಲೆ ದೃಷ್ಟಿ ತೆಗೆದಂತೆ ಮತ್ತೊಮ್ಮೆ ತಿಕ್ಕುತ್ತೇವೆ. ವಿಧಾನಸಭೆ, ಲೋಕಸಭೆ ಎಲ್ಲ ಲೆಕ್ಕ ಹಾಕಿದರೆ ನಮ್ಮ ಬಂದೂಕಿನ ಆರೋಗ್ಯ ಕಾಪಾಡಿದ ಶ್ರೇಯಸ್ಸು ಪ್ರಜಾಪ್ರಭುತ್ವದ್ದೇ. ಒಂದು ದೇಶ ಒಂದು ಚುನಾವಣೆ ಎನ್ನುವವರು ನಳಿಗೆಯ ಗತಿಯೇನೆಂದು ಯೋಚಿಸಿದಂತಿಲ್ಲ.

ಕಾಮ್ಯವಾದಿಗಳು ತಿಕ್ಕುವ ಆಸೆಯಿಂದಲೇ ತಿಕ್ಕುವವರು. ಅಜ್ಜ ಈ ಪಂಥದವನು. ಮನೆಗೆ ಬೀಗರು ಬಂದರೆ, ಸಾಲ ವಸೂಲಿಗೆ ಸೊಸಾಯಿಟಿಯವರು ಬಂದರೆ, ಅಜ್ಜಿ ಏನಾದರೂ ಕೆಲಸ ಹೇಳಿದರೆ ಅವನು ಕಟ್ಟೆಯ ಮೇಲೆ ತಟ್ಟು ಹಾಸಿ ಬಂದೂಕು ಬಿಚ್ಚುತ್ತಿದ್ದ. ಬಿಚ್ಚಿದ ಬಂದೂಕಿನ ಮುಂದೆ ಕೂತ ಗಂಡಸನ್ನು ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅವನು ಹಚ್ಚುತ್ತಿದ್ದದ್ದು ಕುಸುಬಿ ಎಣ್ಣೆ. ಮನೆಯ ಹೊಲದ್ದು, ಗಾಣದ್ದು, ರೊಟ್ಟಿಗೂ ಅದೇ, ಬಂದೂಕಿಗೂ ಅದೇ. ಇಲ್ಲೊಂದು ವೈಜ್ಞಾನಿಕ ಸೂಕ್ಷ್ಮವಿದೆ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯದು, ಬಣ್ಣ ವಾರ್ನಿಶ್ ಮಾಡುವವರು ಅದಕ್ಕಾಗಿಯೇ ಅದನ್ನು ಬಳಸುತ್ತಾರೆ. ಅಜ್ಜ ಪ್ರತಿಸಲವೂ ಒಂದು ಪದರ ಹಚ್ಚುತ್ತ ಹೋದ. ಅವನು ತೀರಿಕೊಂಡ ಮೇಲೆ ನಾನು ಬೋಲ್ಟ್ ಎಳೆದರೆ ಅದು ಬೆಲ್ಲದ ಪಾಕಕ್ಕೆ ಅಂಟಿದ ಸೌಟಿನಂತೆ ಕಿರುಗುಟ್ಟಿ ನಿಂತಿತು. ಒಳಗೆ ಜೇನುಬಣ್ಣದ ಗೋಂದು. ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ, ಮರುದಿನ ಚಿಂದಿ ಎಳೆದಾಗ ಹೊರಬಂದ ಗಸಿಯಲ್ಲಿ ನಮ್ಮ ಹೊಲದ ಮೂವತ್ತು ವರ್ಷದ ಸುಗ್ಗಿ ಇತ್ತು. ಆ ನಳಿಗೆಯನ್ನು ಕೆಡಿಸಿದ್ದು ಗುಂಡಲ್ಲ, ಪ್ರೀತಿ.

ಪರಸಿದ್ಧಾಂತವೊಂದಿದೆ, ಎಂದೂ ತಿಕ್ಕಬಾರದೆಂಬುದು. ಇದನ್ನು ಮಲತ್ರಯದ ನೆರವಿನಿಂದ ವಿವರಿಸುವುದು ಸುಲಭ. ಜೀವನಿಗೆ ಆಣವ, ಮಾಯಾ, ಕಾರ್ಮಿಕವೆಂದು ಮೂರು ಮಲವಿರುವಂತೆ ನಳಿಗೆಗೂ ಮೂರಿವೆ: ಸೀಸ, ಮೇಣ, ಮಸಿ. ಇವುಗಳಲ್ಲಿ ಮೇಣ ಮಾಯೆಯ ಹಾಗೆ. ಅಂಟಿಕೊಳ್ಳುವುದೂ ಅದೇ, ಕಾಪಾಡುವುದೂ ಅದೇ. ಪ್ರತಿ ಗುಂಡೂ ಹೋಗುತ್ತ ಒಂದು ತೆಳು ಮೇಣದ ಲೇಪ ಬಿಟ್ಟು ಹೋಗುತ್ತದೆ, ಹಿಂದೆ ಬರುವ ಗುಂಡು ಅದರ ಮೇಲೆ ಜಾರುತ್ತದೆ. ಲೇಪ ಹದಕ್ಕೆ ಬಂದ ಮೇಲೆ ಗುಂಡುಗಳು ಒಂದೇ ದಾರಿ ಹಿಡಿಯುತ್ತವೆ. ಫಳಫಳ ತಿಕ್ಕಿದ ನಳಿಗೆಯಿಂದ ಹೊರಟ ಮೊದಲ ಐದು ಹತ್ತು ಗುಂಡುಗಳು ಜಾತ್ರೆಯಲ್ಲಿ ಕೈತಪ್ಪಿದ ಹುಡುಗರಂತೆ ಅತ್ತಿತ್ತ ಹೋಗುತ್ತವೆ.

ಇದಕ್ಕೆ ಉಪಮಾನ ಬೇಕೆಂದು ದೂರ ಹೋಗಬೇಕಿಲ್ಲ. ನಮ್ಮವ್ವನ ರೊಟ್ಟಿಹಂಚನ್ನೇ ನೋಡಿ. ಹೊಸ ಸೊಸೆ ಬಂದ ವಾರವೇ, ಅತ್ತೆಯನ್ನು ಮೆಚ್ಚಿಸಲು, ಹಂಚನ್ನು ಬೂದಿ ಹಾಕಿ ಇಟ್ಟಿಗೆ ಚೂರಿನಿಂದ ಬೆಳ್ಳಗೆ ತಿಕ್ಕಿಟ್ಟಿದ್ದಳು. ಅವತ್ತಿನ ಮೊದಲ ಮೂರು ರೊಟ್ಟಿ ಹಂಚಿನದಾದವು, ನಾಲ್ಕನೆಯದು ನಾಯಿಯದಾಯಿತು, ಐದನೆಯದರಿಂದ ಮನೆಯವರ ಊಟ. ಅವ್ವ ಬೈಯಲಿಲ್ಲ. "ಹಂಚಿನ ಮಾರಿ ಕರ್ರಗ ಇರಬೇಕವ್ವಾ, ರೊಟ್ಟಿ ಮಾರಿ ಬೆಳ್ಳಗ ಇರಬೇಕ" ಅಂದಳಷ್ಟೆ. ಆಕೆ ಬಂದೂಕು ಮುಟ್ಟಿದವಳಲ್ಲ. ಆದರೂ ಈ ವಿಷಯದಲ್ಲಿ ಕಾಕಾನ ಇಡೀ ಫೌಜಿಗಿಂತ ಆಕೆಯ ಭಾಷ್ಯವೇ ಮೇಲೆಂದು ನನ್ನ ಅಭಿಪ್ರಾಯ.

ಹಾಗೆಂದು ಎಂದೂ ತಿಕ್ಕಬಾರದೆಂಬ ಪಂಥವೂ ನಿಲ್ಲುವುದಿಲ್ಲ. ಮೇಣ ಮಿತ್ರನಿರಬಹುದು, ಮಸಿ ಅಲ್ಲ. ತೋಟಾ ಕೂರುವ ಗೂಡಿನ ತುಸು ಮುಂದೆ, ಗುಂಡು ಗೀರಿಗೆ ಕಚ್ಚುವ ಕಡೆ, ಮಸಿ ಸುಟ್ಟು ಸುಟ್ಟು ಬಳೆಯಂತೆ ಗಟ್ಟಿಯಾಗುತ್ತದೆ. ಲಾಂಗ್ ರೈಫಲ್ ಗೂಡಿನಲ್ಲಿ ಗಿಡ್ಡ ಶಾರ್ಟ್ ತೋಟಾ ಹಾಕಿ ಹೊಡೆಯುವವರ ಬಂದೂಕಿನಲ್ಲಂತೂ ಅದು ಬೇಗ ಕಟ್ಟುತ್ತದೆ. ಆ ಬಳೆಯನ್ನು ತೆಗೆಯದಿದ್ದರೆ ತೋಟಾ ಸರಿಯಾಗಿ ಕೂರುವುದಿಲ್ಲ, ಖಾಲಿ ಕೊಪ್ಪೆ ಸಲೀಸಾಗಿ ಹೊರಬರುವುದಿಲ್ಲ, ಗುರಿ ಹರಡುತ್ತದೆ. ಕೈ ಆಡಬೇಕಾದದ್ದು ಆ ಎರಡು ಬೆರಳಗಲದಲ್ಲಿ. ಉಳಿದ ನಳಿಗೆಯ ಮೇಲೆ ನಾವು ತೋರಿಸುವುದು ಭಕ್ತಿ. ಆ ಭಕ್ತಿಗೂ ಬೆಲೆ ತೆರಬೇಕಾಗುತ್ತದೆ: ಬಾಯಿಯ ಕಡೆಯಿಂದ ಕಬ್ಬಿಣದ ಸಲಾಕೆ ತುರುಕಿ ತಿಕ್ಕಿದರೆ ಬಾಯಿಯ ಅಂಚು ಸವೆಯುತ್ತದೆ. ಪುಲ್‌ಥ್ರೂ ಹುರಿಯನ್ನು ಓರೆಯಾಗಿ ಎಳೆದರೂ ಅಷ್ಟೇ, ಬಾವಿಯ ಕಟ್ಟೆಕಲ್ಲಿನ ಮೇಲೆ ಹಗ್ಗದ ಗೀಟು ಬೀಳುವ ಹಾಗೆ. ಗುಂಡು ನಳಿಗೆಗೆ ಕಡೆಯದಾಗಿ ತಾಗುವ ಜಾಗ ಅದೇ. ಅಲ್ಲಿ ಅಂಚು ಮುರಿದರೆ ಎಷ್ಟು ಹೊಳೆದರೂ ವ್ಯರ್ಥ. ಮೆತ್ತನೆಯ ಸೀಸದ ಗುಂಡು ಸಾವಿರಾರು ಹೋದರೂ ಉಕ್ಕು ಅಷ್ಟು ಸವೆಯುವುದಿಲ್ಲ.

ಆಪ್ತವಾಕ್ಯಕ್ಕಾಗಿ ಗಡಿ ದಾಟಬೇಕು. ಹುಕ್ಕೇರಿ ತಾಲೂಕಿನ ಸಂಕೇಶ್ವರದಿಂದ ಹೆದ್ದಾರಿ ಹಿಡಿದು ನಿಪ್ಪಾಣಿ ದಾಟಿದರೆ ಕೊಲ್ಲಾಪುರ ಜಿಲ್ಲೆ. ಅಲ್ಲಿಯ ರಾಧಾನಗರಿ ತಾಲೂಕಿನ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ, ಆಗ ರೈಲ್ವೆಯಲ್ಲಿ ಟಿಕೆಟ್ ನೋಡುವ ನೌಕರಿಯಲ್ಲಿದ್ದವನು, 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ 451.4 ಅಂಕ ಪಡೆದು ಕಂಚು ತಂದ. ಅದೇ ಕೊಲ್ಲಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ 50 ಮೀಟರ್ ಪ್ರೋನ್‌ನಲ್ಲಿ ವಿಶ್ವ ಚಾಂಪಿಯನ್ ಆದಾಕೆ. ಇಬ್ಬರ ಕೈಯಲ್ಲೂ ಇದ್ದದ್ದು ನಮ್ಮ ಕ್ಷುದ್ರನಾಲಿಕವೇ. ಐವತ್ತು ಮೀಟರ್ ದೂರದಲ್ಲಿ ಹತ್ತರ ವೃತ್ತ 10.4 ಮಿಲಿಮೀಟರ್, ಒಂದು ದಪ್ಪ ಕಡ್ಲಿಕಾಳು. ಮಹಾರಾಷ್ಟ್ರದವರೆಂದು ಇವರ ಪ್ರಮಾಣವನ್ನು ಒಪ್ಪದಿರುವವರು ನಮ್ಮಲ್ಲಿದ್ದಾರೆ. ಗಡಿವಿವಾದದ ಮಹಾಜನ ವರದಿಯಲ್ಲಿ ನಳಿಗೆ ತಿಕ್ಕುವ ಪ್ರಸ್ತಾಪ ಬಂದಿಲ್ಲವಾದ್ದರಿಂದ ಈ ಒಂದು ವಿಷಯದಲ್ಲಾದರೂ ರಾಜಿಯಾಗಬಹುದು. ಆ ಮಟ್ಟದ ಸ್ಪರ್ಧೆಗಾರರೂ ತಿಕ್ಕುತ್ತಾರೆ, ಲೆಕ್ಕವಿಟ್ಟು ತಿಕ್ಕುತ್ತಾರೆ. ತಿಕ್ಕಿದ ಮೇಲೆ ಲೇಪ ಕೂರಿಸುವ ಗುಂಡುಗಳನ್ನು ಅಭ್ಯಾಸದಲ್ಲೇ ಖರ್ಚು ಮಾಡಿ, ಆಮೇಲೆ ಅಂಕದ ಗುಂಡು ಹೊಡೆಯುತ್ತಾರೆ. ಕೇಳಬೇಕಾದದ್ದು ಕ್ಯಾಲೆಂಡರನ್ನಲ್ಲ, ಗುರಿಹಾಳೆಯನ್ನು. ತೂತುಗಳು ದೂರ ಸರಿಯತೊಡಗಿದರೆ ಚಿಂದಿ ತೆಗೆ, ಇಲ್ಲದಿದ್ದರೆ ಸುಮ್ಮನಿರು.

ಇಲ್ಲಿಗೆ ಸಿದ್ಧಾಂತ ಬಂದೇಬಿಟ್ಟಿತೆಂದು ಓದುಗರು ಏಳಬಾರದು. ಕುಲಗೋಡದಲ್ಲಿ ಅದು ಅನ್ವಯಿಸುವುದಿಲ್ಲ. ಹೊಡೆದರಲ್ಲವೇ ತೂತು ಬೀಳುವುದು? 1972ರ ವನ್ಯಜೀವಿ ಕಾಯ್ದೆಯ ಮೇಲೆ ಬೇಟೆ ಮುಗಿಯಿತು. 1974ರಲ್ಲಿ ಘಟಪ್ರಭಾ ಪಕ್ಷಿಧಾಮವಾಯಿತು. ನವಿಲಂತೂ 1963ರಿಂದಲೇ ರಾಷ್ಟ್ರಪಕ್ಷಿ. ಅದು ಬಿತ್ತಿದ ಕಾಳು ಕೆದಕಿ ತಿಂದು, ನಮ್ಮ ಕಟ್ಟೆಯ ಮುಂದೆಯೇ ಗರಿ ಬಿಚ್ಚಿ, ಬಿಚ್ಚಿಟ್ಟ ಬಂದೂಕನ್ನು ಓರೆಗಣ್ಣಿನಿಂದ ನೋಡಿ ಹೋಗುತ್ತದೆ. ಕಬ್ಬಿಗೆ ನುಗ್ಗುವ ಕಾಡುಹಂದಿಗೆ ಕಾಲು ತೊಲಿಯ ಸೀಸ ತಾಗಿದರೆ ಅದು ಹಿಂದಿರುಗಿ ನಮ್ಮನ್ನೇ ಅಟ್ಟಿಸಿಕೊಂಡು ಬರುತ್ತದೆ. ನಮ್ಮ ಮನೆಯ ಬಂದೂಕು ಕೊನೆಯ ಸಲ ಸದ್ದು ಮಾಡಿದ್ದು ಅಜ್ಜ ತೆಂಗಿನಕಾಯಿಯ ಜುಂಗಿಗೆ ಗುರಿಯಿಟ್ಟಾಗ. ಜುಂಗು ಬೀಳಲಿಲ್ಲ. ಪಕ್ಕದ ಮನೆಯ ಹೆಂಚು ಬಿತ್ತು. ಅಂದಿನಿಂದ ಗುಂಡು ಹೊಡೆದದ್ದು ಸೊನ್ನೆ ಸಲ, ತಿಕ್ಕಿದ್ದಕ್ಕೆ ಲೆಕ್ಕವಿಲ್ಲ. ಪಾಂಡಿತ್ಯವೂ ಹೀಗೇ ಎಂದು ನನ್ನ ಮಾರ್ಗದರ್ಶಕರೊಬ್ಬರಿಗೆ ಹೇಳಿದೆ. ಅವರು ನಗಲಿಲ್ಲ. ಪ್ರಬಂಧಕ್ಕೆ ಇನ್ನೂರು ಪುಟ ಸೇರಿಸು ಎಂದರು.

ಈಗ ಅಮಟೂರ ಬಾಳಪ್ಪನ ಮೌನಕ್ಕೆ ಬರೋಣ. ಅವನ ಬಂದೂಕಿನ ಶುಚಿ ಹಾಡಿನಲ್ಲಿ ಸೇರದಿದ್ದುದಕ್ಕೆ ಕಾರಣ ಇಷ್ಟೇ: ಹಾಡುವವರಿಗೆ ಹೊಡೆದದ್ದೇ ಸಾಕಾಗಿತ್ತು. ಇದರಿಂದ ನಿರ್ಣಯ ಹೀಗಿದೆ. ಗುಂಡು ಹೊಡೆಯುವವನು ಗುರಿ ಕೆಟ್ಟಾಗ ತಿಕ್ಕಲಿ, ಹಿಂದಿನಿಂದ, ನೆಟ್ಟಗೆ, ಮೆಲ್ಲಗೆ. ಹೊಡೆಯದವನು ತೇವ ಒರೆಸಿ, ಹೊಲಿಗೆ ಯಂತ್ರದ ತೆಳ್ಳನೆ ಎಣ್ಣೆ ಒಂದು ಬೊಟ್ಟು ಹಚ್ಚಿ ಒಣ ಜಾಗದಲ್ಲಿಡಲಿ. ಮಳೆಗಾಲ ಕಳೆದ ಮೇಲೆ ಒಮ್ಮೆ ಉಗುರಿನ ಬೆಳಕಲ್ಲಿ ಇಣುಕಿ ನೋಡಲಿ. ಕುಸುಬಿ ಎಣ್ಣೆ ರೊಟ್ಟಿಗಿರಲಿ.

ಕೊನೆಗೆ ಒಂದು ವಿನಂತಿ ಉಳಿದಿದೆ. ಖಂಡೇನವಮಿಯಂದು ನಮ್ಮ ಹುಡುಗರು ಬಂದೂಕಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಶೋಭೆಗೆಂದು ನಳಿಗೆಯ ಬಾಯಿಗೆ ಒಂದು ಚೆಂಡುಹೂವು ಗಿಡಿಯುತ್ತಾರೆ. ಮರುದಿನ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎಂದು ಊರೆಲ್ಲ ಸುತ್ತುವ ಗಡಿಬಿಡಿಯಲ್ಲಿ ಅದನ್ನು ಮರೆಯುತ್ತಾರೆ. ಹೋದ ಸಲ ಚಿಂದಿ ಎಳೆದಾಗ ಬಂದದ್ದು ಸೀಸವೂ ಅಲ್ಲ, ಮಸಿಯೂ ಅಲ್ಲ, ಹಿಂದಿನ ವರ್ಷದ ಚೆಂಡುಹೂವಿನ ಬೀಜ. ದಯವಿಟ್ಟು ಹೂವನ್ನು ಕುದುರೆಯ ಮೇಲಿಡಿ, ಹಿಡಿಕೆಯ ಮೇಲಿಡಿ, ಬೇಕಾದರೆ ನನ್ನ ತಲೆಯ ಮೇಲಿಡಿ. ನಳಿಗೆಯ ಬಾಯಿಗೆ ಮಾತ್ರ ಬೇಡ.